ಹನ್ನೆರಡರ ಗಳಿಗೆ ಯಾರದು

ಸುರಪುರದ ಕಾಲೇಜಿನಲ್ಲಿ ನಮ್ಮ ಮೇಡಂ ಅವರ ಶ್ರದ್ಧಾಂಜಲಿ ಸಭೆಗೆ ನನ್ನನ್ನೂ ಕರೆದಿದ್ದರು. ಅವರ ಕೈಕೆಳಗೆ ಕೆಲಸ ಮಾಡಿದವರಲ್ಲಿ ಈ ಕಡೆ ಉಳಿದವನು ನಾನೊಬ್ಬನೇ, ಎರಡು ಮಾತು ಆಡಲೇಬೇಕು ಎಂದು ಪ್ರಿನ್ಸಿಪಾಲರು ಹಟ ಹಿಡಿದಿದ್ದರು. ನನಗಿಂತ ಮೊದಲು ಮೈಕ್ ಹಿಡಿದವರು ಅವರನ್ನು ಕಾಲುವೆ ಸೀಮೆಗೆ ಕಂಪ್ಯೂಟರ್ ತಂದವರು ಎಂದರು. ಜೀವನದಲ್ಲಿ ಒಂದು ತಪ್ಪು ಲೆಕ್ಕವನ್ನೂ ಮಾಡದವರು ಎಂದರು. ಆ ಮಾತು ಬಂದಾಗ ಮುಂದಿನ ಸಾಲಿನಲ್ಲಿದ್ದ ಅವರ ಹಳೆಯ ವಿದ್ಯಾರ್ಥಿಗಳು ತಲೆ ತಗ್ಗಿಸಿದ್ದನ್ನು ನೋಡಿದೆ. ಅವರಿಗೆಲ್ಲ ಗೊತ್ತಿತ್ತು. ಪ್ರತಿ ವರ್ಷ ಮೊದಲನೇ ಪಾಠದ ದಿನ ಬೋರ್ಡಿನ ಮುಂದೆ ನಿಂತು, ತಾವು ಮಾಡಿದ ಒಂದು ತಪ್ಪನ್ನು ಹೇಳಿಯೇ ಅವರು ಪಾಠ ಶುರು ಮಾಡುತ್ತಿದ್ದರು. ಫೋಟೋಕ್ಕೆ ಹಾರ ಹಾಕಿದ ಮೇಲೆ ಅದನ್ನು ಎತ್ತುವುದು ಸರಿಯಲ್ಲವೆಂದು ಹುಡುಗರು ಸುಮ್ಮನಿದ್ದರು. ನಾನೂ ಎದ್ದು, ಬಹಳ ಒಳ್ಳೆಯವರಿದ್ದರು ಎಂದಷ್ಟೇ ಹೇಳಿ ಕೂತೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಮುಖ ಸುಡುತ್ತಿತ್ತು. ಅವರು ಅಲ್ಲಿದ್ದಿದ್ದರೆ ಎದ್ದು ನಿಂತು ಆ ಹೊಗಳಿಕೆಯನ್ನು ಅರ್ಧಕ್ಕೇ ತಡೆಯುತ್ತಿದ್ದರು.

ಅವರು ಯಾದಗಿರಿಯವರು. ತಂದೆ ಹಳ್ಳಿ ಶಾಲೆಗಳಲ್ಲಿ ಮಾಸ್ತರರಾಗಿದ್ದವರು. ಮನೆಯ ನಡುಕೋಣೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಪುಸ್ತಕದ ಗೂಡು. ಕಲಬುರಗಿಯಲ್ಲಿ ಓದಿ, ಅಲ್ಲೇ ಕೆಲವು ವರ್ಷ ಕಲಿಸಿ, ಕಾಲುವೆ ಕಚೇರಿಯ ಹೊಸ ಕಂಪ್ಯೂಟರ್ ಕೋಣೆಗೆ ಮುಖ್ಯಸ್ಥೆಯಾಗಿ ಶಹಾಪುರಕ್ಕೆ ಬಂದರು. ಗಿಡ್ಡ ಆಳು, ಬಿರುಸು ನಡಿಗೆ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡ ನೂಲಿನ ಸೀರೆ. ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು, ಕಚೇರಿಯ ದೊಡ್ಡ ಸಾಹೇಬರ ಎದುರಿಗೂ. ಪರ್ಸಿನಲ್ಲಿ ಬಸ್ಸಿನ ಚಿಲ್ಲರೆಯ ಜೊತೆ ಸದಾ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಎಲ್ಲಿ ಕೂತರೆ ಅಲ್ಲಿ, ನೆಲದ ಮೇಲಾದರೂ ಸರಿ, ಎರಡು ಗೆರೆ ಎಳೆದು ತೋರಿಸದೆ ಅವರಿಗೆ ಮಾತು ಮುಗಿಸಲು ಬರುತ್ತಿರಲಿಲ್ಲ. ನಾನು ಟೈಪಿಂಗ್ ಮಾತ್ರ ಬಲ್ಲವನು, ಹತ್ತಿಕುಣಿ ಕಡೆಯವನು. ನನ್ನನ್ನು ಅವರು ಮೊದಲ ದಿನದಿಂದಲೇ ತಮ್ಮಾ ಎಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ಆ ತಣ್ಣನೆಯ ಕೋಣೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಅವರೇ ಕಲಿಸಿದರು.

ಕಾಲುವೆ ಬಂದು ಆಗಲೇ ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು. ಯಾವ ತೂಬಿಗೆ ಯಾವಾಗಿನಿಂದ ಯಾವಾಗಿನವರೆಗೆ ನೀರು ಎಂಬುದೇ ಕಚೇರಿಯ ದೊಡ್ಡ ತಲೆನೋವು. ಮೊದಲಿನ ಪ್ರೋಗ್ರಾಮಿನಲ್ಲಿ 'ಇಂದ' ಎಂಬುದೊಂದು ಮನೆ, 'ವರೆಗೆ' ಎಂಬುದು ಇನ್ನೊಂದು ಮನೆ. ಎರಡಕ್ಕೂ ಸಂಬಂಧವಿದೆ ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. ನೀರು ಬಿಡುವ ಮೊದಲೇ ನಿಲ್ಲಿಸಿದ್ದೇವೆ ಎಂದು ಬರೆದರೂ ಅದು ಒಪ್ಪಿಕೊಳ್ಳುತ್ತಿತ್ತು.

"ಇವೆರಡೂ ಒಂದೇ ಸಂಸಾರ ತಮ್ಮಾ. ಬ್ಯಾರೆ ಬ್ಯಾರೆ ಮನ್ಯಾಗ ಇಟ್ರ ಇವರ ಜಗಳ ಯಾರು ಬಗಿಹರಿಸಬೇಕು?" ಎಂದು ಅವರು ಎರಡನ್ನೂ ಕೂಡಿಸಿ ಒಂದೇ ಬಗೆಯ ಮಾಹಿತಿ ಮಾಡಿದರು. ಸಂಖ್ಯೆ ಎಂಬುದೊಂದು ಬಗೆ, ಹೆಸರು ಎಂಬುದೊಂದು ಬಗೆ ಇರುವ ಹಾಗೆ, ಆರಂಭವೂ ಕೊನೆಯೂ ಒಳಗೇ ಇರುವ ಅವಧಿಯೂ ಒಂದು ಬಗೆ. ಅದಕ್ಕೆ ನಮ್ಮ ಕಡೆಯ ಮಾತಿನಿಂದಲೇ 'ಮುದ್ದತ್' ಎಂದು ಹೆಸರಿಟ್ಟರು. ಒಮ್ಮೆ ಕಚೇರಿಯವರೊಬ್ಬರು ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತ 'ಮಾಹಿತಿಯ ಜಾತಿ' ಎಂದು ಬರೆದಾಗ, ಅದನ್ನು ಹೊಡೆದುಹಾಕಿ, "ಬಗಿ ಅನ್ರಿ. ಜಾತಿ ಹೊರಗ ಇರೋದೇ ಸಾಕು" ಎಂದು ನಕ್ಕರು.

ಮುದ್ದತ್ ಅವರ ಹೆಮ್ಮೆಯಾಗಿತ್ತು. ನೀನೆಷ್ಟು ಉದ್ದ ಎಂದು ಅದನ್ನು ಕೇಳಬಹುದಿತ್ತು. ಈ ಹೊತ್ತು ನಿನ್ನೊಳಗೆ ಬರುತ್ತದೆಯೇ, ಆ ಇನ್ನೊಂದು ಮುದ್ದತ್ತಿಗೂ ನಿನಗೂ ಡಿಕ್ಕಿ ಆಗುತ್ತದೆಯೇ ಎಂದು ಕೇಳಬಹುದಿತ್ತು. ಉತ್ತರ ಅದೇ ಹೇಳಬೇಕು, ನಾವು ಒಳಗೆ ಕೈಹಾಕಿ ಆರಂಭ ಕೊನೆಗಳನ್ನು ಹೊರಗೆಳೆದು ನೋಡುವಂತಿಲ್ಲ. ನಾನು ಹಾಗೆ ಎಳೆದಾಗಲೆಲ್ಲ ಬೈಸಿಕೊಳ್ಳುತ್ತಿದ್ದೆ: "ಅದನ್ನ ಬಾಯಿಬಿಟ್ಟು ಕೇಳು. ಹೊಟ್ಟಿ ಬಗಿಬ್ಯಾಡ."

ಅದೇ ಅಚ್ಚಿನಿಂದ ಅವರು ಕಾಲುವೆಯ ಉದ್ದವನ್ನೂ ತೆಗೆದರು. ಹೊತ್ತಿಗೆ ಆರಂಭ ಕೊನೆ ಇರುವ ಹಾಗೆ ದಾರಿಗೂ ಇರುತ್ತದಲ್ಲ. ಆಗೊಂದು ತಮಾಷೆ ನಡೆಯಿತು. ಒಬ್ಬ ಇಂಜಿನಿಯರರ ಪಾಲಿನ ಕಾಲುವೆ ಒಂದು ಕಲ್ಲಿನವರೆಗೆ, ಇನ್ನೊಬ್ಬರದು ಅದೇ ಕಲ್ಲಿನಿಂದ ಮುಂದಕ್ಕೆ. ಸರಿಯಾಗಿ ಆ ಕಲ್ಲಿನ ಬಳಿಯೇ ಇದ್ದ ಗೇಟು ಮುರಿದು ಬಿದ್ದಿತ್ತು. ಇಬ್ಬರೂ ಅದು ತಮ್ಮದಲ್ಲ ಎಂದು ತಿಂಗಳುಗಟ್ಟಲೆ ವಾದಿಸಿದ್ದರು. ಮೇಡಂ ಇಬ್ಬರನ್ನೂ ಕೋಣೆಗೆ ಕರೆದು, ನೆಲದ ಮೇಲೆ ಗೆರೆ ಎಳೆದು, ಆರಂಭದ ಕಲ್ಲು ಒಳಗೆ, ಕೊನೆಯ ಕಲ್ಲು ಹೊರಗೆ, ಆದ್ದರಿಂದ ಗೇಟು ಮುಂದಿನವರದು ಎಂದು ತೀರ್ಮಾನ ಕೊಟ್ಟರು. ಗೇಟು ರಿಪೇರಿ ಆಯಿತು. ಆಮೇಲೆ ಅವರ ಎದುರು ಯಾರೂ 'ತನಕ' ಎಂಬ ಶಬ್ದವನ್ನು ಸಲೀಸಾಗಿ ಆಡುವಂತಿರಲಿಲ್ಲ. ಸೋಮವಾರದ ತನಕ ರಜೆ ಎಂದರೆ ಬೆರಳೆತ್ತಿ, ಸೋಮವಾರ ಸೇರಿತೋ ಇಲ್ಲವೋ ಎನ್ನುತ್ತಿದ್ದರು. ನಗುತ್ತಲೇ ಕೇಳುತ್ತಿದ್ದರು, ಆದರೆ ಉತ್ತರ ಸಿಗದೆ ಬಿಡುತ್ತಿರಲಿಲ್ಲ.

ಇಷ್ಟು ತಿಳಿದವರು ಗೇಟಿನ ಹೊತ್ತಿನ ವಿಷಯದಲ್ಲಿ ಎಡವಿದ್ದು ಹೇಗೆ ಎಂದು ನನ್ನನ್ನು ಆಮೇಲೆ ಹಲವರು ಕೇಳಿದ್ದಾರೆ. ಗೇಟು ಎತ್ತಿ ಇಳಿಸುವ ನೀರಗಂಟಿಗಳು ತೆರೆದ ಹೊತ್ತು, ಮುಚ್ಚಿದ ಹೊತ್ತು ಬರೆದು ಕಳಿಸುತ್ತಿದ್ದರು. ಒಬ್ಬ ನೀರಗಂಟಿ ಹನ್ನೆರಡಕ್ಕೆ ಮುಚ್ಚಿದೆ ಎಂದರೆ ಹನ್ನೆರಡಕ್ಕೆ ಅವನ ಕೈ ಗೇಟಿನ ಮೇಲೆ ಇತ್ತು, ಆ ಗಳಿಗೆಯನ್ನು ಅವನ ಲೆಕ್ಕದಿಂದ ಬಿಡುವುದು ಹೇಗೆ ಎಂದು ಅವರು ಯೋಚಿಸಿದರು. ಹಾಗಾಗಿ ಕೊನೆ ಒಳಗೋ ಹೊರಗೋ ಎಂಬುದನ್ನು ಆಯಾ ಮುದ್ದತ್ತೇ ಹೊತ್ತುಕೊಳ್ಳಲಿ ಎಂದು ಆಯ್ಕೆ ಇಟ್ಟು, ಗಡಿಯಾರದ ಹೊತ್ತಿಗೆಲ್ಲ ಎರಡೂ ತುದಿಗಳನ್ನು ಒಳಗೇ ಸೇರಿಸಿದರು. ಯೋಚಿಸಿಯೇ ಮಾಡಿದ್ದು. ಅಲಕ್ಷ್ಯದಿಂದ ಆಗಿದ್ದರೆ ಅವರಿಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ನೀರು ಕಡಿಮೆ ಬಂದ ಒಂದು ಹಂಗಾಮಿನಲ್ಲಿ ಕಾಲುವೆಯ ಬಾಲದ ಊರುಗಳಿಂದ ದೂರು ಬಂತು. ನೀರಗಂಟಿಗಳು ಒಂದು ತೂಬಿನ ಸರದಿಯಲ್ಲಿ ಒಳಗಿಂದೊಳಗೆ ಇನ್ನೊಂದನ್ನೂ ತೆರೆಯುತ್ತಾರೆ ಎಂದು. ಹಾಗೆ ಮಾಡಿದವರು ಯಾರೆಂದು ಕಂಪ್ಯೂಟರಿನಿಂದ ತೆಗೆಯಿರಿ ಎಂದರು ಸಾಹೇಬರು. ಮೇಡಂ ಪ್ರತಿ ನೀರಗಂಟಿಯ ಮುದ್ದತ್ತುಗಳನ್ನು ಒಂದರ ಎದುರು ಒಂದು ನಿಲ್ಲಿಸಿ, ನಿಮಗೆ ಡಿಕ್ಕಿ ಇದೆಯೇ ಎಂದು ಕೇಳಿದರು. ಒಬ್ಬನ ಹೆಸರು ಬಂತು. ಒಮ್ಮೆಯಲ್ಲ, ಪ್ರತಿ ಸರದಿಯಲ್ಲೂ ಅವನದೇ.

ಅವನು ಕೊಂಕಲ್ ಕಡೆಯ ದಿನಗೂಲಿಯ ನೀರಗಂಟಿ. ಬಾಯಿ ಜೋರು. ರೈತರನ್ನೂ ಬಿಡದೆ ಬೈಯುತ್ತಿದ್ದ. ಮದುವೆಯಲ್ಲಿ ಬಂದ ಕೈಗಡಿಯಾರ ಎಲ್ಲರಿಗೂ ಕಾಣುವಂತೆ ತೋಳು ಮಡಚಿ ತಿರುಗುತ್ತಿದ್ದ. ಅವನನ್ನು ಕಂಡರೆ ಯಾರಿಗೂ ಅಷ್ಟಕ್ಕಷ್ಟೇ. ಹಾಗಾಗಿ ಅವನ ಪರವಾಗಿ ಒಂದು ಮಾತು ಆಡುವವರು ಯಾರೂ ಇರಲಿಲ್ಲ.

ಕಚೇರಿಯ ಬಯಲಿನಲ್ಲಿ ರೈತರನ್ನೂ ನೀರಗಂಟಿಗಳನ್ನೂ ಸೇರಿಸಿ ಸಭೆ ಮಾಡಿದರು. ಸಾಹೇಬರು ಹೊಸ ಯಂತ್ರದ ಗುಣಗಾನ ಮಾಡಿ ಅವನ ಹೆಸರನ್ನು ಓದಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅವನು ಜನರ ನಡುವಿನಿಂದ ಎದ್ದು ಬಂದು ವೇದಿಕೆಯ ಕೆಳಗೆ ನಿಂತ. ಮುಖ ಕೆಂಪಾಗಿತ್ತು, ಆದರೆ ಆ ದಿನ ಅವನ ದನಿ ಏರಲಿಲ್ಲ.

"ಮೇಡಮ್ಮೋರ, ನಾ ಒಂದು ಮುಚ್ಚಿ ಒಂದು ತೆರೀತೀನಿ. ಎರಡೂ ಒಮ್ಮಿಗೇ ತೆರೆದಿದ್ದು ಯಾವಾಗ, ಅಷ್ಟು ಹೇಳ್ರಿ."

ಮೇಡಂ ಕೈಯಲ್ಲಿದ್ದ ಹಾಳೆ ನೋಡಿದರು. "ಹನ್ನೆರಡಕ್ಕ," ಎಂದರು.

"ಹನ್ನೆರಡರಿಂದ ಎಷ್ಟರ ತನಕ?"

ಅವರು ಮತ್ತೆ ಹಾಳೆ ನೋಡಿದರು. ಅದರಲ್ಲಿ ಡಿಕ್ಕಿಯ ಹೊತ್ತು ಮಾತ್ರ ಇತ್ತು, ಎಷ್ಟು ಉದ್ದದ ಡಿಕ್ಕಿ ಎಂದು ಇರಲಿಲ್ಲ. ಕೆಳಗೆ ನೂರಾರು ಜನ, ಪಕ್ಕದಲ್ಲಿ ಸಾಹೇಬರು. "ಯಂತ್ರ ಹೇಳ್ಯಾದ. ಯಂತ್ರಕ್ಕ ನಿಮ್ಮ ಮ್ಯಾಲ ಹಗಿ ಇಲ್ಲ," ಎಂದುಬಿಟ್ಟರು.

ಅವನನ್ನು ಅಂದೇ ಕೆಲಸದಿಂದ ತೆಗೆದರು. ಊರಿನಲ್ಲಿ ಅವನಿಗೆ ನೀರುಗಳ್ಳ ಎಂಬ ಹೆಸರು ಅಂಟಿತು. ಅವನಿಂದ ಬೈಸಿಕೊಂಡವರಿಗೆಲ್ಲ ಅದು ಹಬ್ಬ. ಚಹಾದಂಗಡಿಯಲ್ಲಿ ಅವನು ಕೂತರೆ, ನೀರು ಬೇಕಾ ಎಂದು ಲೋಟ ಮುಂದೆ ಮಾಡುತ್ತಿದ್ದರಂತೆ. ಕೆಲವು ವಾರ ತಡೆದುಕೊಂಡು, ಆಮೇಲೆ ಹೆಂಡತಿಯ ತಮ್ಮನ ಕುರಿಗಳ ಹಿಂದೆ ಹೊರಟುಹೋದ. ಇದೆಲ್ಲ ನಮಗೆ ತಿಳಿದದ್ದು ಬಹಳ ತಡವಾಗಿ.

ತಪ್ಪು ಹೊರಬಿದ್ದದ್ದು ಕಚೇರಿಯ ಪ್ರವಾಸಿ ಬಂಗಲೆಯಿಂದ. ಮೇಡಂ ಅದೇ ಮುದ್ದತ್ತನ್ನು ಬಂಗಲೆಯ ಕೋಣೆಗಳಿಗೂ ಬಳಸಿದ್ದರು. ಒಂದು ಬಗೆಯನ್ನು ಸರಿಯಾಗಿ ಮಾಡಿದರೆ ಹತ್ತು ಕಡೆ ದುಡಿಯುತ್ತದೆ ಎಂಬುದು ಅವರು ಆಗಾಗ ಹೇಳುತ್ತಿದ್ದ ಮಾತು. ಒಂದು ಬೆಳಗ್ಗೆ ಬಂಗಲೆಯ ಕಾವಲುಗಾರ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತ. ಹಿಂದಿನ ದಿನ ಬಂದ ಅತಿಥಿ ಹತ್ತು ಗಂಟೆಗೆ ಕೋಣೆ ಬಿಟ್ಟಿದ್ದಾರೆ, ಕಲಬುರಗಿಯ ಸಾಹೇಬರು ಹತ್ತಕ್ಕೇ ಬಂದಿದ್ದಾರೆ, ಕಂಪ್ಯೂಟರ್ ಕೋಣೆ ಕೊಡುತ್ತಿಲ್ಲ ಎಂದು ಹೇಳಿದ.

"ಕಸ ಹೊಡದೀನಿ, ಚಾದರ ಹಾಸೀನಿ, ಒಳಗ ಒಂದು ಇಲಿ ಸೈತ ಇಲ್ರಿ. ಸಾಹೇಬ್ರು ಜೀಪಿನ್ಯಾಗ ಕುಂತಾರ. ನಿಮ್ಮ ಮಶೀನು ನೋಡಿದ್ರ ಒಳಗ ಮಂದಿ ಅದಾರ ಅಂತದ."

ನಾನು ನಕ್ಕೆ. ಮೇಡಂ ನಗಲಿಲ್ಲ. ಬಸಿಯಲ್ಲಿದ್ದ ಚಹಾ ಹಾಗೇ ಉಳಿಯಿತು. ಎಷ್ಟಕ್ಕೆ ಬಿಟ್ಟರು, ಎಷ್ಟಕ್ಕೆ ಬಂದರು ಎಂದು ಎರಡೆರಡು ಸಲ ಕೇಳಿದರು. ನಂತರ ಪರದೆಯ ಮುಂದೆ ಕೂತು ಬಂಗಲೆಯ ಕೋಣೆಯನ್ನು ಮರೆತು ನೀರಿನ ಲೆಕ್ಕ ತೆಗೆದರು. ಆ ನೀರಗಂಟಿಯ ಎರಡು ಗೇಟುಗಳು ಕಾಲುವೆಯ ಎದುರುಬದುರು ದಂಡೆಯಲ್ಲಿದ್ದವು. ನಡುವೆ ಒಂದು ಸಣ್ಣ ಹಲಗೆಯಷ್ಟೇ. ಬೇರೆಯವರು ಒಂದು ಗೇಟಿನಿಂದ ಇನ್ನೊಂದಕ್ಕೆ ಸೈಕಲ್ ತುಳಿದು ಹೋಗಬೇಕಿತ್ತು, ಅವರ ಹೊತ್ತುಗಳ ನಡುವೆ ಸಂದು ಬೀಳುತ್ತಿತ್ತು. ಇವನು ಹಲಗೆ ದಾಟಿದರೆ ಆಯಿತು. ಮುಚ್ಚಿದ್ದು ಹನ್ನೆರಡು, ತೆರೆದದ್ದೂ ಹನ್ನೆರಡು. ಆ ಒಂದು ಗಳಿಗೆಯನ್ನು ಎರಡೂ ಮುದ್ದತ್ತುಗಳು ತಮ್ಮದೆಂದು ಹಿಡಿದಿದ್ದವು. ಅದನ್ನೇ ಯಂತ್ರ ಡಿಕ್ಕಿ ಎಂದಿತ್ತು. ಒಂದರ ಕೊನೆ ಇನ್ನೊಂದರ ಆರಂಭಕ್ಕೆ ಬರೀ ತಾಗಿತ್ತು. ಮೇಡಂ ಕೊನೆಯ ತುದಿಯನ್ನು ಹೊರಗಿಟ್ಟು ಮತ್ತೆ ಕೇಳಿದರು. ಯಾರ ಹೆಸರೂ ಬರಲಿಲ್ಲ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ಕಾವಲುಗಾರ ಇನ್ನೂ ಬಾಗಿಲಲ್ಲೇ ಇದ್ದ. ಕೋಣೆ ಕೊಡಲು ನಾನೇ ಅವನಿಗೆ ಹೇಳಿ ಕಳಿಸಿದೆ.

ನಮ್ಮ ಸಾಹೇಬರು ಕೆಟ್ಟವರೇನೂ ಆಗಿರಲಿಲ್ಲ. ಎಲ್ಲ ಕೇಳಿ, ಪ್ರೋಗ್ರಾಂ ತಿದ್ದಿಬಿಡಿ, ಯಾರು ಕೇಳುತ್ತಾರೆ ಎಂದರು. ದಿನಗೂಲಿಯವನು ಎಲ್ಲೋ ಬೇರೆ ಕೆಲಸ ಹಿಡಿದಿರುತ್ತಾನೆ, ಈಗ ತಪ್ಪಾಗಿದೆ ಎಂದರೆ ನಾಳೆ ಕಂಪ್ಯೂಟರಿನ ಒಂದು ಮಾತನ್ನೂ ಜನ ನಂಬುವುದಿಲ್ಲ ಎಂಬುದು ಅವರ ಚಿಂತೆ. ಅದೇ ಬಯಲಿನಲ್ಲಿ, ಅದೇ ಜನರ ಮುಂದೆ ಅವನು ಕಳ್ಳನಲ್ಲ ಎಂದು ಓದಿ ಹೇಳಬೇಕೆಂದು ಮೇಡಂ ಪಟ್ಟು ಹಿಡಿದರು. ನೋಡೋಣ ಎಂದರು ಸಾಹೇಬರು. ಆ ನೋಡೋಣಕ್ಕೆ ಕೊನೆ ಎಲ್ಲಿದೆ ಎಂದು ಮೇಡಂ ಕೇಳಲಿಲ್ಲ. ಮರುದಿನ ರಜೆ ಹಾಕಿ, ಬರ್ತೀಯಾ ತಮ್ಮಾ ಎಂದರು.

ಬಸ್ಸು ಇಳಿದು ಆ ನೀರಗಂಟಿಯ ಊರಿಗೆ ನಡೆದೆವು. ಮನೆಯಲ್ಲಿ ಹೆಂಡತಿ ಇದ್ದಳು. ನಾವು ಕಚೇರಿಯವರೆಂದು ತಿಳಿದ ಮೇಲೂ ಕುಡಿಯಲು ನೀರು ಕೊಟ್ಟಳು. ಮೇಡಂ ತಂಬಿಗೆ ಕೈಯಲ್ಲಿ ಹಿಡಿದರು, ಕುಡಿಯಲು ಅವರಿಂದ ಆಗಲಿಲ್ಲ. ಅವನು ಊರ ಆಚೆಯ ಒಂದು ಹೊಲದಲ್ಲಿ, ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ ಕಡೆ ಇದ್ದಾನೆಂದು ಹೇಳಿದಳು. ಎರೆಮಣ್ಣಿನ ಬಿರುಕುಗಳಲ್ಲಿ ಮೇಡಂ ಎರಡು ಸಲ ಮುಗ್ಗರಿಸಿದರು, ನಾನು ಚಾಚಿದ ಕೈ ಹಿಡಿಯಲಿಲ್ಲ.

ಅವನು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ನಮ್ಮನ್ನು ನೋಡಿ ಏಳಲಿಲ್ಲ. ಕೈಗಡಿಯಾರ ಇರಲಿಲ್ಲ. ಮೇಡಂ ಅವನೆದುರು ಕುಕ್ಕರಗಾಲಿನಲ್ಲಿ ಕೂತು, ಪೀಠಿಕೆಯಿಲ್ಲದೆ ಹೇಳಿದರು.

"ನೀವು ಎರಡು ಗೇಟು ಒಮ್ಮಿಗೇ ತೆರೆದಿಲ್ಲ. ತಪ್ಪು ನಂದು."

ಅವನು ಮುಳ್ಳನ್ನು ಬಿಸಾಡಿ, ಏನು ತಪ್ಪು ಎಂದ. ಅವರು ಅಭ್ಯಾಸಬಲದಿಂದ ಪರ್ಸಿಗೆ ಕೈಹಾಕಿ ಸೀಮೆಸುಣ್ಣ ತೆಗೆದರು. ಮಣ್ಣಿನ ಮೇಲೆ ಅದು ಮೂಡಲಿಲ್ಲ. ಬೆರಳಿನಿಂದಲೇ ಎರಡು ಗೆರೆ ಎಳೆದರು, ಒಂದು ಮುಗಿದಲ್ಲಿಂದ ಇನ್ನೊಂದು. ನೀವು ಒಂದು ಮುಚ್ಚಿ ಒಂದು ತೆರೆದ ಗಳಿಗೆ ಒಂದೇ, ಅದನ್ನು ನಾನು ಎರಡೂ ಕಡೆ ಎಣಿಸಿದೆ ಎಂದು, ಗೆರೆಗಳು ಕೂಡುವಲ್ಲಿ ಬೆರಳಿಟ್ಟರು.

ಅವನು ಬಗ್ಗಿ ಆ ಬೆರಳಿನ ತುದಿಯನ್ನು ನೋಡಿದ.

"ಅಷ್ಟೇ ಏನ್ರಿ?"

"ಅಷ್ಟೇ."

"ಏನೋ ದೊಡ್ಡದು ಇರ್ಬೇಕು ಅಂತ ತಿಳಿದಿದ್ದೆ. ಇಷ್ಟು ದಿನ ಅದು ಏನಿರ್ಬೇಕು, ಏನಿರ್ಬೇಕು ಅಂತ ಕುರಿ ಹಿಂದ ತಿರಗೀನಿ."

ಮೇಡಂ ತಲೆ ಎತ್ತಲಿಲ್ಲ. ಕ್ಷಮಿಸಿ ಎಂಬ ಶಬ್ದ ಅವರ ಬಾಯಿಗೆ ಬಂದದ್ದು ತುಟಿಯಲ್ಲಿ ಕಂಡಿತು, ಹೊರಗೆ ಬರಲಿಲ್ಲ. ಅವನೇ ಎದ್ದು ನಿಂತು ಕಂಬಳಿ ಕೊಡವಿದ.

"ನನಗ್ಯಾಕ ಹೇಳ್ತೀರಿ? ನಾ ಕದ್ದಿಲ್ಲಂತ ನನಗ ಮೊದಲೇ ಗೊತ್ತದ. ಊರಾಗ ಹೇಳ್ರಿ."

ಅದೇ ಸಂಜೆ ಅವರು ಊರಾಗ ಹೇಳಿದರು. ಹನುಮಂತ ದೇವರ ಗುಡಿಯ ಮುಂದೆ ಗಂಡಸರು ಹೊಲದಿಂದ ಬಂದು ಸೇರುವ ಹೊತ್ತು. ಯಾರೋ ಕುರ್ಚಿ ತಂದರು, ಅವರು ಕೂರಲಿಲ್ಲ. ಮುದ್ದತ್ತು, ತುದಿ, ಡಿಕ್ಕಿ ಯಾವುದನ್ನೂ ಎತ್ತದೆ, ಈ ಮನುಷ್ಯ ನೀರು ಕದ್ದಿಲ್ಲ, ನಾನು ಲೆಕ್ಕವನ್ನು ತಪ್ಪಾಗಿ ಕಟ್ಟಿದೆ, ಅವನು ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದಾಗ ಉತ್ತರ ಹುಡುಕದೆ ಯಂತ್ರವನ್ನು ಮುಂದೆ ಮಾಡಿದೆ ಎಂದು ಹೇಳಿದರು. ಹಿರಿಯನೊಬ್ಬ, ಮಶೀನು ತಪ್ಪು ಮಾಡಿದರೆ ನೀವೇನು ಮಾಡುವಿರಿ ತಾಯಿ ಎಂದು ಸಮಾಧಾನ ಮಾಡಲು ಬಂದ. ಅವರು ಅದನ್ನು ಒಪ್ಪಲಿಲ್ಲ.

"ಮಶೀನಿಗೆ ನಾ ಹೇಳಿಕೊಟ್ಟದ್ದು ಅದು ಮಾಡ್ಯಾದ. ತಪ್ಪು ನಂದು."

ಚಹಾದಂಗಡಿಯವನು ನೆಲ ನೋಡಿದ. ಒಬ್ಬಿಬ್ಬರು ಬೀಡಿ ಹಚ್ಚಿದರು. ನೀರಗಂಟಿಯ ಕಡೆ ತಿರುಗಿ ಒಂದು ಮಾತು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅವನು ದೂರದ ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ನಿಂತಿದ್ದ. ಅವರ ಮಾತು ಮುಗಿಯುವ ಮೊದಲೇ ಕುರಿಗಳ ಕಡೆ ಹೊರಟುಹೋದ.

ಸುದ್ದಿ ಊರಿಂದೂರಿಗೆ ಹೋಗಿ, ಮುಚ್ಚಿಡುವಂತಿಲ್ಲವೆಂದಾದ ಮೇಲೆ ಕಚೇರಿ ಅವನನ್ನು ಮತ್ತೆ ಕೆಲಸಕ್ಕೆ ಕರೆಯಿತು. ಅದೇ ಎರಡು ಗೇಟು. ಅವನು ಬಂದ, ಗಡಿಯಾರ ಕಟ್ಟಿಕೊಂಡೇ ಬಂದ. ಆದರೆ ಬೈಗುಳ ನಿಂತಿತ್ತು. ಅವನ ಬಾಯಿ ಹೋಯಿತು ಎಂದು ರೈತರು ನಗುತ್ತಿದ್ದರು. ಅದನ್ನು ಕೇಳಿದ ದಿನ ಮೇಡಂ ಊಟ ಮಾಡಲಿಲ್ಲ.

ಮುದ್ದತ್ತನ್ನು ಅವರು ಬುಡದಿಂದ ಮತ್ತೆ ಕಟ್ಟಿದರು. ತುದಿಗಳ ಆಯ್ಕೆಯನ್ನೇ ಕಿತ್ತುಹಾಕಿದರು. ಎಲ್ಲ ಮುದ್ದತ್ತಿಗೂ ಆರಂಭ ಒಳಗೆ, ಕೊನೆ ಹೊರಗೆ. ಎರಡು ಮುದ್ದತ್ತು ಬರೀ ತಾಗಿವೆಯೇ, ಒಂದರ ಮೇಲೊಂದು ಏರಿವೆಯೇ, ನಡುವೆ ಸಂದು ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿದರು. ಏರಿದ್ದರೆ ಎಷ್ಟು ಹೊತ್ತು ಏರಿವೆ ಎಂದು ಹೇಳದೆ ಅದು ಯಾರ ಹೆಸರನ್ನೂ ಕೊಡುವಂತಿರಲಿಲ್ಲ. ತಾಗುವುದನ್ನೂ ಏರುವುದನ್ನೂ ನಾನು ಗುರುತಿಸಬಲ್ಲೆನೇ ಎಂದು ತಿಂಗಳುಗಟ್ಟಲೆ ಬಗೆಬಗೆಯ ಗೆರೆ ಎಳೆದು ಪರೀಕ್ಷಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ಮೆಚ್ಚಿ ಮಾತಾಡಿದವರಿಗೆ ಅವರು ಉತ್ತರ ಕೊಡುತ್ತಿರಲಿಲ್ಲ.

ಮುಂದಿನ ಹಂಗಾಮಿನ ನೀರಿನ ಲೆಕ್ಕ ನೋಡುವಾಗ ಒಂದು ದಿನ ನನ್ನನ್ನು ಕರೆದರು. ಪರದೆಯ ಮೇಲೆ ಆ ನೀರಗಂಟಿಯ ಹೊತ್ತುಗಳಿದ್ದವು. ಒಂದು ಗೇಟು ಮುಚ್ಚಿದ್ದಕ್ಕೂ ಇನ್ನೊಂದು ತೆರೆದಿದ್ದಕ್ಕೂ ನಡುವೆ ಪ್ರತಿ ಸಲ ಐದು ನಿಮಿಷದ ಸಂದು. ಒಂದು ಸರದಿಯೂ ತಪ್ಪದೆ. ಹಲಗೆ ದಾಟಲು ಐದು ನಿಮಿಷ ಬೇಕಾಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

"ಈ ಐದು ನಿಮಿಷ ಸುಳ್ಳು ತಮ್ಮಾ," ಎಂದರು. "ಖರೆ ಬರೀತಿದ್ದ ಮನುಷ್ಯಾಗ ಸುಳ್ಳು ಬರಿಯೋದು ನಾ ಕಲಿಸೀನಿ."

ಇನ್ನು ಹೆದರಬೇಕಿಲ್ಲ, ಇದ್ದದ್ದನ್ನೇ ಬರೆಯಿರಿ ಎಂದು ಅವನಿಗೆ ಹೇಳಿ ಕಳಿಸೋಣವೇ ಎಂದು ಕೇಳಿದೆ. ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದರು. ಆ ಸಂದು ಅವನ ಕೆಲಸ ಮುಗಿಯುವವರೆಗೂ ಹಾಗೇ ಉಳಿಯಿತು. ಆ ವರ್ಷವೇ ಅವರು ಕಚೇರಿ ಬಿಟ್ಟು ಸುರಪುರದಲ್ಲಿ ಕಲಿಸಲು ಹೋದರು. ಪ್ರೋಗ್ರಾಂ ಬರೆಯುವುದನ್ನು ನಿಲ್ಲಿಸಿದರೆಂದು ನಾನು ತಿಳಿದಿದ್ದೆ. ಹಾಗಲ್ಲ, ವಿದ್ಯಾರ್ಥಿಗಳು ಬರೆದದ್ದನ್ನು ಸಾಲುಸಾಲು ಓದಿ ತಿದ್ದುತ್ತಿದ್ದರಂತೆ. ಆ ಮೊದಲನೇ ದಿನದ ಪಾಠದಲ್ಲಿ ಮಾತ್ರ, ಎಷ್ಟು ವರ್ಷ ಹೇಳಿದರೂ, ಅವರ ಕಿವಿ ಕೆಂಪಾಗುತ್ತಿತ್ತು ಎಂದು ಒಬ್ಬ ಹುಡುಗಿ ನನಗೆ ಹೇಳಿದ್ದಳು. ಕಥೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಮೃದು ಮಾಡಿ ಹೇಳಬಹುದಿತ್ತು. ಅವರು ಮಾಡಲಿಲ್ಲ.

ಅವರನ್ನು ಕಡೆಯ ಸಲ ನೋಡಿದ್ದು ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಯಾದಗಿರಿಯಿಂದ ಬಂದು ಸುರಪುರದ ಬಸ್ಸಿಗೆ ಕಾಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೊಣಕಾಲು ನೋವು, ನಡಿಗೆಯ ಬಿರುಸು ಹೋಗಿತ್ತು. ನನಗೂ ಸುರಪುರದಲ್ಲಿ ಕೆಲಸವಿತ್ತು. ಒಟ್ಟಿಗೇ ಹತ್ತಿದೆವು. ಬಸ್ಸು ತುಂಬಿತ್ತು. ನಡುವಿನ ಒಂದು ಸೀಟಿನಲ್ಲಿ ಮಾತ್ರ, ಪಕ್ಕದ ಜಾಗದಲ್ಲಿ ಚೀಲ ಇಟ್ಟುಕೊಂಡು ಒಬ್ಬ ಮುದುಕ ಕಿಟಕಿಯ ಬದಿಗೆ ಕೂತಿದ್ದ. ಅವನು ತಿರುಗಿದ. ಅದೇ ನೀರಗಂಟಿಯೆಂದು ನಾನು ಗುರುತು ಹಿಡಿಯುವ ಮೊದಲೇ ಮೇಡಂ ಹಿಡಿದಿದ್ದರು. ನನ್ನ ತೋಳಿನ ಮೇಲಿದ್ದ ಅವರ ಕೈ ಬಿಗಿಯಾಯಿತು.

ಅವನೂ ಗುರುತು ಹಿಡಿದ. ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿಗೆ ಒತ್ತಿ ಸರಿದು ಪಕ್ಕದ ಜಾಗ ಬಿಡಿಸಿಕೊಟ್ಟ.

"ಕುಂದರ್ರಿ, ಮೇಡಮ್ಮೋರ."

ಅವರು ಹೌದೆನ್ನುವ ಹಾಗೆ ತಲೆ ಆಡಿಸಿದರು. ಕೂರಲಿಲ್ಲ. ಕೂತುಕೊಳ್ಳಿ, ಮೊಣಕಾಲು ನೋವಿದೆಯಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಮೇಲಿನ ಸರಳನ್ನು ಎರಡೂ ಕೈಯಿಂದ ಹಿಡಿದು, ಹೊರಗಿನ ಗದ್ದೆಗಳನ್ನು ನೋಡುತ್ತ ನಿಂತರು. ಬಸ್ಸು ಕಾಲುವೆಯ ಸೇತುವೆ ದಾಟಿತು. ಕಂಡಕ್ಟರ್ ಬಂದು, ಖಾಲಿ ಇದೆಯಲ್ಲ ತಾಯಿ, ಕೂತುಕೊಳ್ಳಿ ಎಂದು ಗದರಿದ. ಅವನಿಗೆ ಅವರು ಇಲ್ಲಪ್ಪ ಎಂದಷ್ಟೇ ಹೇಳಿದರು. ಮುದುಕ ಮತ್ತೆ ಕರೆಯಲಿಲ್ಲ. ಆದರೆ ಕಾಲು ಚಾಚಿ ಅಗಲವಾಗಿ ಕೂರಲೂ ಇಲ್ಲ, ಕಿಟಕಿಗೆ ಒತ್ತಿಕೊಂಡೇ ಇದ್ದ. ಮುಂದಿನ ಊರಿನಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿದಳು. ಯಾರನ್ನೂ ಕೇಳದೆ ಆ ಜಾಗದಲ್ಲಿ ಕೂತಳು. ಆಗ ಮೇಡಂ ಸರಳಿನಿಂದ ಒಂದು ಕೈ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೂ ಎಷ್ಟು ದೂರ ತಮ್ಮಾ ಎಂದು ನನ್ನನ್ನು ಕೇಳಿದರು.